ಸದ್ದಿಲ್ಲದ ತೊಟ್ಟಿಲು

ನಾನು ಶಿಗ್ಗಾಂವಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಪ್ಲಾಸ್ಟಿಕ್ಕಿಗೆ ಗಾಜಿನ ನಾರು, ಗ್ರಾಫೈಟ್ ಪುಡಿ ಬೆರೆಸಿದರೆ ಅದು ಎಷ್ಟು ಜಾರುತ್ತದೆ, ಎಷ್ಟು ಸವೆಯುತ್ತದೆ ಎಂಬುದೇ ನನ್ನ ಸಂಶೋಧನೆ. ಅಂಥ ಮಹಾನುಭಾವನ ಹಾನಗಲ್ಲಿನ ಮನೆಯಲ್ಲಿ ಮಗಳ ತೊಟ್ಟಿಲು ಓಣಿಗೆಲ್ಲ ಕೇಳುವಂತೆ ‘ಕಿರ್ರ್… ಕಿರ್ರ್…’ ಎನ್ನುವುದೇ!

“ಎರಡು ಹನಿ ಎಣ್ಣಿ ಬಿಟ್ರ ಆತಲ್ರಿ,” ಎಂದಳು ಹೆಂಡತಿ ಗಿರಿಜಾ.

ಎಣ್ಣೆ! ಪಂಡಿತನಿಗೆ ಇದಕ್ಕಿಂತ ಅವಮಾನ ಉಂಟೆ?

ಗಾಜಿನ ನಾರು ತುಂಬಿದ ನೈಲಾನ್ ಬುಶ್, ಅಂದರೆ ಬಳೆಯಂಥ ಪುಟ್ಟ ಕೊಳವೆ, ತಂದು ತೊಟ್ಟಿಲು ತೂಗುವ ಕಬ್ಬಿಣದ ಸರಳಿಗೆ ತೊಡಿಸಿದೆ. ವಾರ ಕಳೆದರೂ ಬುಶ್ ಕೂದಲೆಳೆಯಷ್ಟೂ ಸವೆಯಲಿಲ್ಲ. ಅದು ಸರಳನ್ನೇ ತಿಂದಿತ್ತು, ಕಿರ್ರ್ ಸದ್ದೂ ನಿಂತಿರಲಿಲ್ಲ! ಕೌದಿಯ ಮೇಲೆಲ್ಲ ಕಬ್ಬಿಣದ ಪುಡಿ.

“ಪ್ರಯೋಗ ಮಾಡಾಕ ನಮ್ಮ ಕೂಸ ಬೇಕಿತ್ತೇನ್ರಿ?” ಎಂದು ಗಿರಿಜಾ ಮಗುವನ್ನು ಎತ್ತಿಕೊಂಡಳು.

ನಾನು ಸೋಲುವವನೇ? ಹಳೆಯ ಸರಳು, ಕೊಂಡಿ ಎಲ್ಲವನ್ನೂ ಗುಜರಿಗೆ ಹಾಕಿದೆ. ನುಣ್ಣನೆಯ ಉಕ್ಕಿನ ಸರಳು ತಂದು, ಈ ಸಲ ಗ್ರಾಫೈಟ್ ಬೆರೆಸಿದ ಕರಿ ಬುಶ್ ಹಾಕಿದೆ. ಬೆರಳು ತಾಗಿಸಿದರೆ ಸಾಕು, ತೊಟ್ಟಿಲು ತಾನೇ ತೂಗತೊಡಗಿತು. ಸದ್ದಿಲ್ಲ! ಹಿಗ್ಗಿ ಹೀರೇಕಾಯಿಯಾಗಿ ಪಕ್ಕದ ಮನೆಯ ಬಸಣ್ಣನನ್ನು ಕರೆದೆ.

“ಕೇಳ್ರಿ ಬಸಣ್ಣ!”

“ಏನೂ ಕೇಳವಲ್ದಲ್ರಿ ಸರ್.”

“ಅದ ನೋಡ್ರಿ!”

ಮಗುವಿನ ಕೆನ್ನೆಗೆ ಹೊಸ ಬುಶ್ಶಿಗೆ ಮೆತ್ತಿದ್ದ ಒಂದಿಷ್ಟು ಕರಿ ಪುಡಿ ಉದುರಿತ್ತು. ಅದನ್ನು ನೋಡಿ ನನ್ನ ಅವ್ವ, “ಇವತ್ತ ದೃಷ್ಟಿಬೊಟ್ಟ ಹಚ್ಚೂದು ತಪ್ಪಿತು ಬಿಡು,” ಎಂದಳು.

ಅಷ್ಟರಲ್ಲಿ ಮಗಳು ಕಿಟಾರನೆ ಕಿರುಚಿದಳು. ತೂಗಿದೆವು. ಹಾಲು ಕುಡಿಸಿದೆವು. ಬಸಣ್ಣ ಜೋಗುಳ ಹಾಡಿದ, ಅಳು ಇಮ್ಮಡಿಯಾಯಿತು. ಕೊನೆಗೆ ಅವ್ವನೇ ರೋಗದ ಮೂಲ ಕಂಡುಹಿಡಿದಳು.

“ಹುಟ್ಟಿದಾಗಿಂದ ಆ ಸಪ್ಪಳಕ್ಕ ಮಲಗಿದ ಕೂಸೋ ಅದು! ಹಳೇ ಸರಳ ಎಲ್ಲೈತಿ?”

ನಾನು ಗುಜರಿಯವ ಹೋದ ದಿಕ್ಕಿಗೆ ನೋಡಿದೆ. ಹುಡುಕಲು ಹೋಗುವಷ್ಟು ಹೊತ್ತು ಮಗಳು ಕೊಡುವಂತಿರಲಿಲ್ಲ. ಬೇರೆ ದಾರಿ ಕಾಣದೆ ತೊಟ್ಟಿಲ ಪಕ್ಕ ಕುಳಿತು ಬಾಯಿಯಿಂದಲೇ ಶುರುಮಾಡಿದೆ: “ಕಿರ್ರ್… ಕಿರ್ರ್…”

ಮಗಳು ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದಳು. ನಕ್ಕಳು. ಮಲಗಿದಳು! ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ.

ಅಂದಿನಿಂದ ದಿನವೂ ಇದೇ ಕೆಲಸ. ಬಿಸಿನೀರಿನ ಲೋಟ ಹಿಡಿದು ಗಿರಿಜಾ ಪಕ್ಕದಲ್ಲೇ ನಿಂತಿರುತ್ತಾಳೆ. ನನ್ನ ಬುಶ್ ಇಂದಿಗೂ ಚೂರೂ ಸವೆದಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆ. ಸವೆಯುತ್ತಿರುವುದು ನನ್ನ ಗಂಟಲು ಮಾತ್ರ!