ಸೊನ್ನೆಯ ಜಾಗದ ಹೆಸರು

ಸೋಮಾರಿತನಕ್ಕೆ ಸ್ವಲ್ಪ ವಿದ್ಯೆಯೂ ಸೇರಿಕೊಂಡರೆ ಮನುಷ್ಯ ಬಹಳ ಅಪಾಯಕಾರಿಯಾಗುತ್ತಾನೆ. ಬರೀ ಸೋಮಾರಿಯಾದವನು ಮಲಗಿಕೊಂಡಿರುತ್ತಾನೆ, ಅವನಿಂದ ಯಾರಿಗೂ ತೊಂದರೆಯಿಲ್ಲ. ನಾನು ಹಾಗಲ್ಲ, ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಬ್ಯಾನರಿನ ಅಂಗಡಿ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಯೂಟ್ಯೂಬ್ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತವನು. ನಮ್ಮ ಕಡೆ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸದವರು ಸಿಗಬಹುದು, ಸಾವಿಗೆ ಹಾಕಿಸದವರು ಕಡಿಮೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾರು ತೀರಿಕೊಂಡರೂ ನನ್ನ ಫೋನಿಗೆ ಒಂದು ಫೋಟೊ, ಅದರ ಬೆನ್ನಿಗೇ ಹೆಸರುಗಳ ಸಾಲು ಬಂದು ಬೀಳುತ್ತದೆ. ದಿನವೆಲ್ಲ ಸತ್ತವರ ಮುಖ ನೋಡುತ್ತ ಕೂತರೆ ಊಟ ಸೇರುವುದಿಲ್ಲ ಎಂದು ಒಮ್ಮೆ ಹೆಂಡತಿಯ ಮುಂದೆ ಹೇಳಿಕೊಂಡೆ. ಊಟ ಸೇರದವರು ಎರಡೆರಡು ಸಲ ಪಲ್ಯ ಹಾಕಿಸಿಕೊಳ್ಳುವುದು ಹೇಗೆ ಎಂದು ಅವಳು ಕೇಳಿದಳು.

ಅದಕ್ಕೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಬಂದ ಸಾಲನ್ನು ಅಲ್ಪವಿರಾಮ ಸಿಕ್ಕ ಕಡೆಯೆಲ್ಲ ತುಂಡು ಮಾಡುವುದು. ಮೊದಲ ತುಂಡನ್ನು ಫೋಟೊದ ಕೆಳಗೆ ದೊಡ್ಡ ಅಕ್ಷರದಲ್ಲಿ ಕೂರಿಸುವುದು. ಕೊನೆಯ ತುಂಡು ಊರು. ನಡುವಿನವರೆಲ್ಲ ‘ದುಃಖತಪ್ತ ಕುಟುಂಬದವರು’. ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ತೀರಿಕೊಂಡವರ ಜಾಗ ಸೊನ್ನೆ. ಇದನ್ನು ಹೆಂಡತಿಗೆ ವಿವರಿಸಿದೆ. ಸತ್ತ ಮೇಲೆ ಎಲ್ಲರೂ ಅಲ್ಲಿಗೇ ಅಲ್ಲವೇ ಬರುವುದು ಎಂದು ಅವಳು ಕಸ ಹೊಡೆಯಲು ಹೋದಳು. ತೀರಿಕೊಂಡವರ ಹೆಸರನ್ನು ಮೊದಲು ಬರೆಯಿರಿ ಎಂದು ಎಲ್ಲರಿಗೂ ಫೋನಿನಲ್ಲಿ ಹೇಳುತ್ತಿದ್ದೆ. ಮನೆಯಲ್ಲಿ ಹೆಣ ಇಟ್ಟುಕೊಂಡವರು ನನ್ನ ಸೂಚನೆಗಳನ್ನು ಗಮನವಿಟ್ಟು ಕೇಳುತ್ತಾರೆಂದು ನಂಬಿದ್ದೆ.

ಆಡೂರಿನ ಮಂಜುನಾಥ ಟೆಂಪೊ ಓಡಿಸುತ್ತಿದ್ದ. ಬಂಕಾಪುರದ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ. ಮನೆಯಲ್ಲಿ ಅವನಿಗೆ ಹೆಣ್ಣು ನೋಡುತ್ತಿದ್ದರು. ಹೆಸರುಗಳನ್ನು ಕಳಿಸಿದವನು ಅವನ ತಮ್ಮ ಬಸವರಾಜ. ಅವರಲ್ಲಿ ಮದುವೆಯಾಗಲಿ, ಪೂಜೆಯಾಗಲಿ, ಎಲ್ಲಿ ಹೆಸರು ಬರೆದರೂ ಮನೆಯ ಹಿರಿಯರದೇ ಮೊದಲು. ತಂದೆ ಹೋದ ಮೇಲೆ ಆ ಜಾಗ ತಾಯಿ ಗಂಗವ್ವನದು. ಹೀಗಾಗಿ ಅವನು ರೂಢಿಯಂತೆ ಮೊದಲು ಅವ್ವನ ಹೆಸರು, ಆಮೇಲೆ ಅಣ್ಣನದು, ಆಮೇಲೆ ತನ್ನದು, ಕೊನೆಗೆ ಊರು ಬರೆದಿದ್ದ. ಪ್ರೋಗ್ರಾಂ ಹೇಳಿದ ಮಾತು ಕೇಳಿತು. ನಾನು ತಿರುಗಿ ಓದಲಿಲ್ಲ. ಓದುವ ಕೆಲಸ ತಪ್ಪಲಿ ಎಂದೇ ಅಲ್ಲವೇ ಅದನ್ನು ಬರೆದದ್ದು! ಬ್ಯಾನರ್ ಕಟ್ಟುವ ಸವಣೂರಿನ ಖಾದರಸಾಬರು ಓದುವುದು ಉರ್ದು, ಕನ್ನಡ ಅವರಿಗೆ ಮಾತಿಗಷ್ಟೇ. ಅವರು ಫೋಟೊ ನೋಡಿ, ಪಾಪ ಎಂದು, ಆಡೂರಿನಲ್ಲಿ ಬಸ್ ನಿಲ್ಲುವ ಕಡೆ ಅಚ್ಚುಕಟ್ಟಾಗಿ ಕಟ್ಟಿ ಬಂದರು. ನಗುತ್ತಿರುವ ಮಂಜುನಾಥನ ಮುಖ, ಕೆಳಗೆ ಗಂಗವ್ವನಿಗೆ ಭಾವಪೂರ್ಣ ಶ್ರದ್ಧಾಂಜಲಿ, ದುಃಖತಪ್ತರಲ್ಲಿ ಮೊದಲನೆಯವನು ಮಂಜುನಾಥ.

ಮರುದಿನ ಬಸವರಾಜ ಫೋನ್ ಮಾಡಿ ವಿಷಯ ತಿಳಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಮ್ಮೆ ಬಂದು ಹೋಗಿ ಎಂದಷ್ಟೇ ಹೇಳಿದ. ಹೊಸ ಬ್ಯಾನರ್ ಮಾಡಿ, ಮೂರು ಸಲ ಓದಿ, ಖಾದರಸಾಬರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ನೆಪ ಹುಡುಕಿದೆ. ಮಷೀನಿನ ತಪ್ಪು ಅನ್ನಲೇ, ಕರೆಂಟಿನ ತಪ್ಪು ಅನ್ನಲೇ? ಅಲ್ಲಿ ನೋಡಿದರೆ ಪರಊರಿನ ನೆಂಟರು ಬಸ್ಸಿಳಿದು, ಬ್ಯಾನರ್ ಓದಿ, ಗಂಗವ್ವನನ್ನು ನೆನೆದು ಅಳುತ್ತ ಮನೆಗೆ ಬಂದು, ಬಾಗಿಲಲ್ಲೇ ಕೂತಿದ್ದ ಗಂಗವ್ವನನ್ನು ಕಂಡು ತಬ್ಬಿಬ್ಬಾಗುತ್ತಿದ್ದರು. ಬೇರೆ ಯಾರದೋ ಕಥೆಯಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆಕೆಯ ಮುಂದೆ ನಿಂತಾಗ ಜೋಡಿಸಿಕೊಂಡ ಒಂದು ನೆಪವೂ ಬಾಯಿಗೆ ಬರಲಿಲ್ಲ.

“ಯವ್ವಾ, ತಪ್ಪಾತ್ರಿ,” ಎಂದೆ.

“ನಂದ ಹೆಸರ ಐತೆಂತ ಓದಿ ಹೇಳ್ಯಾರ ತಮ್ಮಾ,” ಎಂದಳು ಗಂಗವ್ವ. “ಹಂಗ ಆಗಬೇಕಿತ್ತು. ನೀ ಬರದದ್ದ ಖರೇ ಐತಿ. ಮ್ಯಾಲಿನಾವ ತಪ್ಪ್ಯಾನ.”

ಖಾದರಸಾಬರು ಮುಖ ತಿರುಗಿಸಿ ನಿಂತರು. ಹಳೆಯ ಬ್ಯಾನರನ್ನು ಬಿಚ್ಚಿ ಸುಟ್ಟುಬಿಡುತ್ತೇವೆ ಎಂದು ನಾನು ಹೇಗೋ ತೊದಲಿದೆ.

“ಸುಡಬ್ಯಾಡ. ನನಗ ಬೇಕಾಗತೈತಿ. ಆವಾಗ ಫೋಟೊ ಅಷ್ಟ ಬದಲಿ ಮಾಡಿ ಕೊಡು. ಮಂಜ್ಯಾನ ಹೆಸರ ಅಲ್ಲೇ ಇರಲಿ.”

ನಾನು ಆ ಅಂಗಳದಲ್ಲಿ ನಾಚಿಕೆ ಬಿಟ್ಟು ಅತ್ತೆ. ಸತ್ತವರ ವ್ಯಾಪಾರ ಮಾಡಿ ಮನಸ್ಸು ಗಟ್ಟಿಯಾಗಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನಿಗೆ ಬಸವರಾಜನೇ ನೀರು ತಂದುಕೊಡಬೇಕಾಯಿತು. ಹೊಸದನ್ನು ಕಟ್ಟಿ, ಹಳೆಯದನ್ನು ಸುತ್ತಿ ಅವರ ಮನೆಯಲ್ಲೇ ಇಟ್ಟು ಬಂದೆವು.

ಪ್ರೋಗ್ರಾಮನ್ನು ಅಳಿಸಿಲ್ಲ, ಸೋಮಾರಿತನ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಈಗ ಮುದ್ರಿಸುವ ಮೊದಲು ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದುತ್ತೇನೆ, ಅಷ್ಟೇ. ಮೊನ್ನೆ ಹೆಂಡತಿ ಯಾವುದೋ ಪೂಜೆಗೆ ಕೊಡಲು ಮನೆಯವರ ಹೆಸರು ಬರೆದಿದ್ದಳು: ಮೊದಲು ನನ್ನದು, ಆಮೇಲೆ ಅವಳದು, ಮಕ್ಕಳಿಬ್ಬರದು, ಕೊನೆಗೆ ಶಿಗ್ಗಾಂವ. ಏನು ಹುಚ್ಚೋ, ಆ ಸಾಲನ್ನು ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ನನ್ನ ಹೆಸರು ದೊಡ್ಡ ಅಕ್ಷರದಲ್ಲಿ ಮೇಲೆ ಬಂತು, ಅವರು ಮೂವರೂ ದುಃಖತಪ್ತರಾಗಿ ಕೆಳಗೆ. ಹೆಂಡತಿ ಹಿಂದಿನಿಂದ ಬಂದು ನೋಡಿ, ಇಂಥ ಅಪಶಕುನವನ್ನು ಮೊದಲು ಅಳಿಸಿ ಎಂದು ಗದರಿದಳು. ಅಳಿಸುವ ಮೊದಲು ಮಕ್ಕಳ ಹೆಸರು ಎಲ್ಲಿವೆ ಎಂದು ಬೆರಳಿಟ್ಟು ಇನ್ನೊಮ್ಮೆ ನೋಡಿಕೊಂಡೆ. ನಾನು ಬರೆದ ಪ್ರೋಗ್ರಾಂ ಒಂದೇ ಒಂದು ತಪ್ಪನ್ನೂ ಮಾಡದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.