ಮೂಗಿಲ್ಲದವನು ತಂದ ಬಿಳಿಹುಲ್ಲು

ದೊಡ್ಡ ದೊಡ್ಡ ದೋಷಗಳನ್ನು ನಾವು ಧಾರಾಳವಾಗಿ ಒಪ್ಪಿಕೊಳ್ಳುತ್ತೇವೆ. ಸಣ್ಣದೊಂದು ಕೊರತೆಯನ್ನು ಹೇಳಿಕೊಳ್ಳಲು ಮಾತ್ರ ಜೀವ ಹೋದಂತಾಗುತ್ತದೆ. ನನಗೆ ವಾಸನೆ ತಿಳಿಯುವುದಿಲ್ಲ. ಬಂದು ಹೋದ ಕೊರೊನಾ ಅದನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕುಮಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮಾಡುವವನು ಇದನ್ನು ಯಾರಿಗೆ ಹೇಳಲಿ? ಸಂಪಿಗೆ ಕೊಟ್ಟರೆ ಕಣ್ಣು ಮುಚ್ಚಿ "ಆಹಾ" ಎನ್ನುತ್ತ ಕಾಲ ತಳ್ಳುತ್ತಿದ್ದೆ.

ಕಾಗಾಲದ ನಮ್ಮ ಮನೆಯಲ್ಲಿ ಅಮ್ಮನ ಹಸು ಕೆಂಪಿ ಇತ್ತು. ಅದಕ್ಕೆ ಬಿಳಿಹುಲ್ಲು, ಅಂದರೆ ಭತ್ತದ ಒಣಹುಲ್ಲು, ಆರಿಸುವುದು ಅಮ್ಮನದೇ ಕೆಲಸ. ಕಟ್ಟಿನೊಳಗೆ ಮೊಣಕೈವರೆಗೆ ಕೈ ತುರುಕಿ ಒಂದು ಹಿಡಿ ಎಳೆದು ಮೂಸುವಳು, ಕಡ್ಡಿಯೊಂದನ್ನು ಅಗಿದೂ ನೋಡುವಳು. ಈ ಸಲ ಮೊಣಕಾಲು ಬಾತು ಹಾಸಿಗೆ ಹಿಡಿದದ್ದರಿಂದ ಹುಲ್ಲು ಕೊಂಡು ತರಲು ನನ್ನನ್ನು ಕಳಿಸಿದಳು. "ತಮ್ಮಾ, ಒಳಗಿಂದು ಎಳ್ದು ಮೂಸಿ ನೋಡು, ಆತಾ?"

ಎಳೆದೆ, ಮೂಸಿದೆ, ಪಂಡಿತನಂತೆ ತಲೆಯಾಡಿಸಿದೆ. ಬಣ್ಣವೇನೋ ಚೆನ್ನಾಗಿಯೇ ಇತ್ತು. ಮಳೆಗೆ ನೆನೆದು ಮುಗ್ಗಿದ ಹುಲ್ಲನ್ನು ಮತ್ತೆ ಬಿಸಿಲಿಗೆ ಹಾಕಿ ಕಟ್ಟಿದ್ದರೆಂಬುದು ಕೆಂಪಿಗೆ ತಿಳಿಯಿತು, ನನಗಲ್ಲ. ಅದು ಮೂಸಿ ಮುಖ ತಿರುಗಿಸಿತು. ಸೊಕ್ಕು ಎಂದುಕೊಂಡೆ. ಎರಡು ದಿನ ಬೇರೇನೂ ಹಾಕಲಿಲ್ಲ. ಅಮ್ಮ ಒಳಗಿಂದ ಕೇಳಿದಾಗ "ತಿಂತಾ ಅದೆ" ಎಂದೆ. ಮೂರನೆಯ ದಿನ ಮೇಯಲು ಬಿಟ್ಟು ಕಾಲೇಜಿಗೆ ಹೋದೆ.

ಆಮೇಲೆ ಅದರ ಕಣ್ಣು ಹಳದಿಯಾಯಿತು, ಮೆಲುಕು ನಿಂತಿತು. ದನದ ಡಾಕ್ಟರು ಬಂದು, "ಎಂತ ತಿಂದದೆ?" ಎಂದರು. ಬೇಲಿಯಲ್ಲಿ ಬೋಳಾಗಿದ್ದ ಗಿಡ ತೋರಿಸಿ, ಲಂಟಾನ ಎಂದು ಅದರ ಕುಲಗೋತ್ರವನ್ನೆಲ್ಲ ಹೇಳಿದೆ.

"ಅದು ವಿಷ ಅಲ್ವ ಸರ್? ಹೊಟ್ಟೆಗೆ ಮೇವು ಇದ್ದ ದನ ಇದ್ನ ಮುಟ್ಟೂದಿಲ್ಲ. ಉಪವಾಸ ಹಾಕಿದ್ರಾ?"

"ಇಲ್ಲ, ಹುಲ್ಲಿತ್ತು" ಎಂದೆ. ಡಾಕ್ಟರು ಒಂದು ಹಿಡಿ ಎಳೆದು ಮೂಗಿಗೆ ಹಿಡಿದರು, ನನ್ನ ಮುಖ ನೋಡಿದರು. ಹುಲ್ಲನ್ನು ಕೆಳಗೆ ಬಿಟ್ಟು ಸೂಜಿ ಚುಚ್ಚಿದರು. ಔಷಧಿ ಹತ್ತಲಿಲ್ಲ. ಡಾಕ್ಟರು ಬಂದು ಹೋದ ನಾಲ್ಕನೆಯ ದಿನ ಮಧ್ಯಾಹ್ನ ಕೆಂಪಿ ಸತ್ತಿತು.

ಸಂಜೆ ಅಮ್ಮ ಗೋಡೆ ಹಿಡಿದುಕೊಂಡು ಬಂದು ಖಾಲಿ ಕೊಟ್ಟಿಗೆಯಲ್ಲಿ ಕೂತಳು. ನಾನು ಹತ್ತಿರ ಹೋಗಿ, "ಅಮ್ಮಾ, ನಂಗೆ ವಾಸನೆ..." ಎಂದು ಶುರುಮಾಡಿದೆ.

"ಗೊತ್ತದೆ. ಹಳಸಿದ ಸಾರು ಉಂಡು ಚಲೋ ಆಗಿದೆ ಅಂದ್ಯಲ, ಅವತ್ತೇ ಗೊತ್ತಾತು. ನೀ ಬೇಜಾರು ಮಾಡ್ಕಂತೆ ಅಂತ ಸುಮ್ನಿದ್ದೆ. ಗೊತ್ತಿದ್ದೂ ನಿನ್ನ ಕಳ್ಸಿದ್ನಲ, ನಂದೇ ತಪ್ಪು" ಎಂದು ಅತ್ತಳು.

ಅಲ್ಲ, ನನ್ನದು ಎನ್ನಬೇಕಿತ್ತು. ಎರಡೇ ಮಾತು. ತಪ್ಪನ್ನು ಇನ್ನೊಬ್ಬರು ಹೊತ್ತುಕೊಂಡಾಗ ಎದೆ ಎಷ್ಟು ಹಗುರಾಗುತ್ತದೆಂದು ಅವತ್ತು ತಿಳಿಯಿತು, ನಾಚಿಕೆಯೂ ಆಯಿತು. ಆದರೂ ಬಾಯಿ ಬಿಡಲಿಲ್ಲ. ಅಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, ಒಳ್ಳೆಯ ಮಗನಂತೆ ಕೂತಿದ್ದೆ.