ಹಿಂದಿನ ಕಥೆ ಓದಿ ಇಟ್ಟ ಹೆಸರು

ಯಾವ ಕಥೆಯನ್ನಾದರೂ ಮೊದಲಿನಿಂದ ಓದಬೇಕು ಎಂಬುದು ನನ್ನ ಸಿದ್ಧಾಂತ. ಮಗಳು ಸಾನಿಕಾ ಹಾಗಲ್ಲ. ಗೋಡೆಯೊಳಗೆ ಮಕ್ಕಳನ್ನು ಕೂಡಿಹಾಕಿ ಆಳುವ ಯಾವುದೋ ಭಯಂಕರ ನಗರದ ಕಥೆಯನ್ನು ಮೂರು ಭಾಗ ಓದಿ ಮುಗಿಸಿದ್ದಳು. ಆಮೇಲೆ ಬಂತು ನೋಡಿ, ಆ ಗೋಡೆ ಏಳುವುದಕ್ಕೂ ಮೊದಲು ಏನಾಯಿತು ಎಂದು ಹೇಳುವ ಹೊಸ ಪುಸ್ತಕ! ಪರೀಕ್ಷೆ ಮುಗಿಯುವವರೆಗೆ ಮುಟ್ಟಬೇಡ ಎಂದು ಕಸಿದುಕೊಂಡೆ. ನಾನೇ ಓದಲು ಕುಳಿತೆ.

ಏನು ಪುಸ್ತಕ ಅಂತೀರಿ! ಅದರಲ್ಲಿ ರಿವಾನ್ ಎಂಬ ಹುಡುಗ. ತನ್ನ ಪಾಲಿನ ರೊಟ್ಟಿ ತಂಗಿಗೆ ಕೊಟ್ಟು, ತಾನು ನೀರು ಕುಡಿದು ಮಲಗುತ್ತಾನೆ. ಬಂಗಾರದಂಥ ಹುಡುಗ! ಮನೆಯಲ್ಲಿ ಒಗ್ಗರಣೆ ಸೀದರೂ ನಾನು ಏಳಲಿಲ್ಲ. ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಅಂಗಡಿಯಲ್ಲಿ ಚಾದರ ಕೇಳಿದವರಿಗೆ ಟವೆಲ್ ಕಟ್ಟಿಕೊಟ್ಟೆ.

ಅದೇ ವಾರ ಅಕ್ಕಲಕೋಟೆಯಲ್ಲಿ ತಮ್ಮನ ಮಗನ ತೊಟ್ಟಿಲು. ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು! ಕಿವಿಯಲ್ಲಿ ಹೇಳುವ ತನಕ ಹೆಸರು ಗುಟ್ಟು. ತಮ್ಮನ ಹೆಂಡತಿ ರೇಖಾ ಫೋನ್ ಮಾಡಿದಳು.

"ಅಕ್ಕಾರ, ಭಾಳ ವರ್ಷಕ್ಕ ಹುಟ್ಟ್ಯಾನ್ರಿ. ಛಲೋ ಹೆಸರ ಇಡ್ರಿ."

"ಚಿಂತಿ ಬಿಡ. ಅಂಥಾ ಹೆಸರ ಸೋಲಾಪುರದಾಗ ಯಾರಿಗೂ ಇಲ್ಲ!"

ಪುಸ್ತಕದ ಕೊನೆಯ ಒಂದಷ್ಟು ಪುಟ ಇನ್ನೂ ಉಳಿದಿದ್ದವು. ಇರಲಿ, ರೊಟ್ಟಿ ಹಂಚುವ ಹುಡುಗ ಇನ್ನೇನು ಕೆಡುತ್ತಾನೆ?

ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಹುಸಿಗುದ್ದು ಕೊಟ್ಟರು. ಎದ್ದು ನಿಂತು ಘೋಷಿಸಿದೆ: "ರಿವಾನ್!"

"ಮಸ್ತ್ ನಾವ್ ಆಹೇ!" ಎಂದು ಪಕ್ಕದ ಮನೆಯ ಮರಾಠಿ ಕಾಕು ಹೆಸರನ್ನು ಮೆಚ್ಚಿದರು.

ಆಗ ಬಿತ್ತು ಇನ್ನೊಂದು ಗುದ್ದು. ಇದು ಹುಸಿಯಲ್ಲ! ತಿರುಗಿದರೆ ಸಾನಿಕಾ.

"ಮಮ್ಮಿ, ಏನ್ ಮಾಡ್ದಿ? ಗೋಡಿ ಕಟ್ಟಿ ಮಕ್ಕಳನ್ನ ಕೂಡಿ ಹಾಕಿದಾಂವ ಅವನ!"

"ಹುಚ್ಚಿ, ಅಂವಾ ತಂಗಿಗೆ ರೊಟ್ಟಿ ಕೊಡ್ತಾನ!"

"ಮುಂದ ಆ ತಂಗಿನ್ನೂ ಒಳಗ ಹಾಕ್ತಾನ!"

ಬೇರೆ ಹೆಸರು ಇಡೋಣವೇ ಎಂದು ಮೆಲ್ಲಗೆ ಕೇಳಿದೆ. "ಕಿವ್ಯಾಗ ಹೋದ ಹೆಸರ ಹೊರಗ ತಗಿಯಾಕ ಬರ್ತದೇನ?" ಎಂದು ನನ್ನವ್ವ ಗದರಿದಳು. ರೇಖಾ ಕೂಸನ್ನು ಎದೆಗವಚಿಕೊಂಡು ನನ್ನನ್ನೇ ನೋಡಿದಳು.

"ಇದಕ್ಕೇನ್ರಿ ಅಕ್ಕಾರ, ನಾ ಇಷ್ಟ ವರ್ಷ ಕಾದಿದ್ದು?"

ನನಗೆ ನಿಜವಾಗಿಯೂ ಅಳು ಬಂತು. ಏನಾದರೂ ಹೇಳಲೇಬೇಕಿತ್ತು.

"ಹುಟ್ಟತ್ಲೇ ಯಾರೂ ಕೆಟ್ಟಾವ್ರಿರೂದಿಲ್ಲ ರೇಖಾ. ಅವನ ತಲಿ ಯಾರೋ ಕೆಡಿಸಿರ್ತಾರ. ನಮ್ಮ ರಿವಾನ್‌ಗ ಹಂಗ ಆಗಾಕ ನಾ ಬಿಡೂದಿಲ್ಲ. ರವಿವಾರಕ್ಕೊಮ್ಮೆ ಬಂದು, ಬಾಜೂಕ ಕುಂತು, ಬುದ್ಧಿ ಹೇಳ್ತೀನಿ!"

ರೇಖಾ ಕಣ್ಣೊರೆಸಿಕೊಂಡು ಕೂಸನ್ನು ನನ್ನ ತೊಡೆಗೆ ಹಾಕಿದಳು. ಮಾನ ಉಳಿಯಿತು!

ಗೆದ್ದ ಉತ್ಸಾಹದಲ್ಲಿ ವಾಪಸು ರೈಲು ಹತ್ತಿ ಉಳಿದ ಪುಟಗಳನ್ನು ತೆರೆದೆ. ಹೋಟಗಿ ಸ್ಟೇಷನ್ ಬರುವಷ್ಟರಲ್ಲಿ ಪುಸ್ತಕ ಮುಗಿಯಿತು. ಬಂಗಾರದಂಥ ಆ ಹುಡುಗನ ತಲೆ ಕೆಡಿಸಿದವರು ಯಾರು ಗೊತ್ತೆ? ವಾರಕ್ಕೊಮ್ಮೆ ಬಂದು, ಪಕ್ಕದಲ್ಲಿ ಕುಳಿತು ಬುದ್ಧಿ ಹೇಳುತ್ತಿದ್ದ ಅವನ ಸ್ವಂತ ಸೋದರತ್ತೆ!

ಈ ರವಿವಾರ ನಾನು ಅಕ್ಕಲಕೋಟೆಗೆ ಹೋಗಲಿಲ್ಲ. ಕೂಸಿನ ಹಿತದೃಷ್ಟಿಯಿಂದ.